ಸಿಹಿ ಎಲೆಯ ಬೇಲಿ

ಮೇ ೮

ಇವತ್ತು ಬುದ್ಧನ ಹುಟ್ಟುಹಬ್ಬ. ಜಪಾನಿನ ಬೇರೆ ಕಡೆ ಏಪ್ರಿಲ್‌ನಲ್ಲೇ ಮುಗಿಸುತ್ತಾರೆ. ನಮ್ಮಲ್ಲಿ ಆಗಿನ್ನೂ ಹಿಮ ಕರಗಿರುವುದಿಲ್ಲ, ಹಾಗಾಗಿ ಬುದ್ಧನೂ ಒಂದು ತಿಂಗಳು ತಡವಾಗಿ ಹುಟ್ಟುತ್ತಾನೆ. ನಾನು ಗುಡಿಗೆ ಹೋಗಲಿಲ್ಲ. ಪುಟ್ಟ ಬುದ್ಧನಿಗೆ ಸ್ನಾನ ಮಾಡಿಸಿ ಮಕ್ಕಳಿಗೆ ಕುಡಿಸುವ ಸಿಹಿ ಕಷಾಯ ಅಮಾಚಾಕ್ಕೆ ಎಲೆ ಪ್ರತಿ ವರ್ಷ ನನ್ನ ಬೇಲಿಯದೇ. ಹೋದ ವರ್ಷ ಒಣಗಿಸಿದ ಎಲೆಯ ಚೀಲವನ್ನು ನಿನ್ನೆ ಗುಡಿಯ ಮೆಟ್ಟಿಲ ಮೇಲೆ ಇಟ್ಟು ಬಂದಿದ್ದೆ. ಹಳೆಯ ಗುರುಗಳು ತೀರಿಕೊಂಡ ಮೇಲೆ ಅವರ ಮಗ ಶೂಜುನ್ ಬಂದು ಕೂತಿದ್ದಾನೆ, ಯೊಕೊಹಾಮಾದ ಮೊಬೈಲ್ ಅಂಗಡಿಯಲ್ಲಿದ್ದವನು. ಕಿವಿಯಲ್ಲಿ ಹಾಡು ಹಾಕಿಕೊಂಡು ಗುಡಿಯ ಅಂಗಳ ಗುಡಿಸುತ್ತಾನೆ. ಅವನ ಜೊತೆ ಮಾತಾಡುವಂಥದ್ದು ನನಗೇನೂ ಇಲ್ಲ.

ಸಂಜೆ ಪಕ್ಕದ ಮನೆಯ ಫುಸಾಎ ಚಪ್ಪಲಿಯನ್ನೂ ನೆಟ್ಟಗೆ ಮೆಟ್ಟದೆ ಬಂದಳು.

"ಕಿನುಯೊ-ಸಾನ್, ಇವತ್ತು ನೀವು ಹೊರಗೆ ಕಾಣಿಸ್ಕೋಬೇಡಿ."

"ಯಾಕೆ, ನಾನೇನು ಕಳ್ಳತನ ಮಾಡಿದೀನಾ?"

"ಗುಡೀಲಿ ಅಮಾಚಾ ಕುಡಿದ ಮಕ್ಕಳು ಸಾಲಾಗಿ ವಾಂತಿ ಮಾಡ್ಕೋತಿದಾವೆ. ಹೊಶಿನಾ ಮೊಮ್ಮಗಳು ಚಿಸಾನ ಆಸ್ಪತ್ರೆಗೆ ಎತ್ಕೊಂಡು ಹೋದರು. ಎಲೆ ನಿಮ್ಮ ಬೇಲೀದು ಅಂತ ಊರಿಗೇ ಗೊತ್ತಲ್ಲ."

ಅವಳು ಹೋದ ಮೇಲೆ ಕುರ್ಚಿ ಎತ್ತಿಕೊಂಡು ಹೋಗಿ ರಸ್ತೆ ಬದಿಯಲ್ಲಿ, ಬೇಲಿಯ ಪಕ್ಕದಲ್ಲೇ ಕತ್ತಲಾಗುವವರೆಗೆ ಕೂತೆ. ನೋಡುವವರು ನೋಡಲಿ.

ಮೇ ೯

ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಚಿಸಾ ಬೆಳಿಗ್ಗೆ ಗಂಜಿ ಕುಡಿದು ಸೈಕಲ್ ಹತ್ತಿದಳಂತೆ. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ, ಈಗ ಬರುತ್ತದೆ.

ಮೇ ೧೧

ಆರೋಗ್ಯ ಇಲಾಖೆಯವರು ಬಂದು ಬರಿಗೈಯಲ್ಲಿ ಹೋದರು. ಪರೀಕ್ಷೆಗೆ ಒಂದು ತೊಟ್ಟೂ ಉಳಿದಿಲ್ಲ. ಬುದ್ಧನ ತಲೆಯ ಮೇಲೆ ಸುರಿದದ್ದನ್ನು ಇಟ್ಟು ಹಳಸಬಾರದು, ಹಬ್ಬ ಮುಗಿದ ಕೂಡಲೇ ಮರದ ಬುಡಕ್ಕೆ ಹಾಕಿ ಪಾತ್ರೆ ತೊಳೆದಿಡಬೇಕು. ನಮ್ಮೂರಿನಲ್ಲಿ ಯಾವತ್ತೂ ಹಾಗೇ. ಎಲೆಯ ಚೀಲವೂ ಖಾಲಿಯಾಗಿ ಒಲೆಗೆ ಹೋಗಿದೆ, ನನ್ನ ಮನೆಯಲ್ಲೂ ಒಣ ಎಲೆ ಉಳಿದಿಲ್ಲ. ಹಾಗಾಗಿ ಬೆರಳು ತೋರಿಸಲು ಊರಿಗೆ ಉಳಿದದ್ದು ನನ್ನ ಬೇಲಿ ಒಂದೇ.

ಮಧ್ಯಾಹ್ನ ಹೊಶಿನಾ ಬಂದ. ಈಗ ಊರಿನ ಮುಖ್ಯಸ್ಥ. ಶಾಲೆ ಮುಚ್ಚುವ ಮೊದಲು ನನ್ನ ವಿಜ್ಞಾನ ತರಗತಿಯಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಮಾಡುತ್ತಿದ್ದವನು.

"ಟೀಚರ್, ಕೋಪ ಮಾಡ್ಕೋಬೇಡಿ. ನಿಮ್ಮದು ಅಮಾಚಾ ಗಿಡ ಅಲ್ಲ, ಬರೀ ಕಾಡಿನ ಅಜಿಸಾಯ್ ಹೂಗಿಡ ಇರ್ಬೇಕು."

"ನೋಡಿ ಹೇಳ್ತಿದೀಯೋ, ಕೇಳಿ ಹೇಳ್ತಿದೀಯೋ?"

"ಮೊಬೈಲಲ್ಲಿ ಓದಿದೆ. ಎರಡಕ್ಕೂ ವಿಜ್ಞಾನಿಗಳು ಇಟ್ಟಿರೋ ಹೆಸರು ಒಂದೇ. ಅಜಿಸಾಯ್ ತಿಂದ್ರೆ ವಾಂತಿ ಆಗತ್ತೆ. ಅಂದ್ಮೇಲೆ ನಿಮ್ಮ ಬೇಲಿ..."

"ನಿನಗೂ ನಿನ್ನ ಅಣ್ಣನಿಗೂ ಮನೆ ಹೆಸರು ಒಂದೇ. ಅವನು ಕುಡಿದು ಗದ್ದೇಲಿ ಬಿದ್ದಿದ್ದಕ್ಕೆ ನಿನ್ನ ಮುಖಕ್ಕೆ ನೀರು ಹಾಕ್ಬೇಕಾ?"

ಅವನು ನಗಲಿಲ್ಲ. ಆಸ್ಪತ್ರೆಯಲ್ಲಿ ಮೊಮ್ಮಗಳ ಹಣೆ ಹಿಡಿದು ಕೂತವನು ನಗದಿದ್ದರೆ ತಪ್ಪೇನಿಲ್ಲ. ಆದರೂ ಬೇಲಿ ನನ್ನದು.

ಮೇ ೧೪

ಊರ ಸಭೆ. ನಮ್ಮಲ್ಲಿ ಕೈ ಎತ್ತಿಸುವ ಪದ್ಧತಿ ಇಲ್ಲ. ಯಾರೂ ಮಾತಾಡದಿದ್ದರೆ ಎಲ್ಲರೂ ಒಪ್ಪಿದಂತೆ. ಬೇಲಿ ನಿಂತಿರುವ ಪಟ್ಟಿ ಊರಿನ ಜಾಗ, ಅದನ್ನು ಬೇರು ಸಮೇತ ಕಿತ್ತು ಜಲ್ಲಿ ಹಾಕುವುದು ಎಂದು ಹೊಶಿನಾ ಓದಿದ. ಎಲ್ಲರೂ ಚಾಪೆ ನೋಡುತ್ತ ಕೂತರು. ನಾನು ಮಾತಾಡಿದೆ.

ಹಸಿ ಎಲೆ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ ಎಂದೆ. ಅಮಾಚಾದ ಹಸಿ ಎಲೆಯೂ ಕಹಿಯೇ. ನಮ್ಮ ಬೇಸಿಗೆಯಲ್ಲಿ, ಜುಲೈ ಮುಗಿಯುವ ಹೊತ್ತಿಗೆ ಕಿತ್ತು, ಬಾಡಿಸಿ, ನೀರು ಚಿಮುಕಿಸಿ, ಚಾಪೆ ಹೊದಿಸಿ, ಬಿಸಿಯೇರಿದ ಮೇಲೆ ಉಜ್ಜಿ ಒಣಗಿಸಿದರೆ ಮಾತ್ರ ಅದರ ಸಿಹಿ ಹೊರಗೆ ಬರುತ್ತದೆ. ಕಾಡಿನ ಅಜಿಸಾಯ್‌ಗೆ ಏನೇ ಮಾಡಿದರೂ ಬರುವುದಿಲ್ಲ. ಆಗ ಮಾಡಿ ತೋರಿಸುತ್ತೇನೆ, ಅಲ್ಲಿಯವರೆಗೆ ಯಾವನಾದರೂ ಬೇಲಿ ಮುಟ್ಟಿದರೆ ಮೊದಲು ನನ್ನನ್ನು ಕೀಳಬೇಕಾಗುತ್ತದೆ ಎಂದೂ ಸೇರಿಸಿದೆ.

"ಸರಿ," ಎಂದ ಹೊಶಿನಾ. "ಆಗಸ್ಟಲ್ಲಿ ಒಬೋನ್ ಹಬ್ಬದ ಮುಂಚೆ ಊರೆಲ್ಲ ಸೇರಿ ಹುಲ್ಲು ಕೊಯ್ಯೋ ದಿನದವರೆಗೆ ಬಿಡೋಣ. ಅವತ್ತು ತೋರಿಸಿ. ಇಲ್ಲಾಂದ್ರೆ ಯಂತ್ರ ತರ್ತೀನಿ."

ತೋರಿಸುತ್ತೇನೆ. ಆ ದಿನ ಗುಡಿಯಲ್ಲಿ ಅಮಾಚಾ ಕುದಿಸಿದವರು ಯಾರೋ, ಅದರಲ್ಲಿ ಏನು ಬೆರೆಸಿದರೋ, ಅವರನ್ನೂ ಇದೇ ಚಾಪೆಯ ಮೇಲೆ ನಿಲ್ಲಿಸಿ ಉಗಿಯದೆ ಬಿಡುವುದಿಲ್ಲ.

ಮೇ ೨೬

ಊರಿನ ಸುತ್ತೋಲೆಯ ಫಲಕ ಫುಸಾಎ ಮನೆಯಿಂದ ನನ್ನ ಮನೆಗೆ ಬರಬೇಕು. ಇವತ್ತು ನನ್ನನ್ನು ದಾಟಿ ಮುಂದಿನ ಮನೆಗೆ ಹೋಯಿತು. ಫುಸಾಎ ತಲೆ ತಗ್ಗಿಸಿಕೊಂಡು ಓಡುವ ಹಾಗೆ ನಡೆದದ್ದನ್ನು ಕಿಟಕಿಯಿಂದ ನೋಡಿದೆ.

ಓದುವಂಥದ್ದು ಅದರಲ್ಲಿ ಏನಿರುತ್ತದೆ? ಕಸ ಯಾವ ದಿನ, ಕರಡಿ ಎಲ್ಲಿ ಕಂಡಿತು. ಕರಡಿ ಬಂದರೆ ನನಗೇ ಕಾಣುತ್ತದೆ.

ಜೂನ್ ೬

ಬೇಲಿಯ ಒಂದು ಕೊಂಬೆಯನ್ನು ಒತ್ತಿ ಒಣಗಿಸಿ ಮುರೋಗಾಗೆ ಕಳಿಸಿದ್ದೆ. ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ವಿಶ್ವವಿದ್ಯಾಲಯದ ಒಣಸಸ್ಯ ಸಂಗ್ರಹದಲ್ಲಿ ಬದುಕಿಡೀ ಕಳೆದಳು, ಈಗಲೂ ವಾರಕ್ಕೆರಡು ದಿನ ಹೋಗುತ್ತಾಳೆ. ಇವತ್ತು ಫೋನ್ ಮಾಡಿದಳು.

"ಪ್ರಭೇದ ಸರಿ ಇದೆ ಕಣೇ. ಬೆಟ್ಟದ ಅಜಿಸಾಯ್. ಆದ್ರೆ ಅಮಾಚಾ ತಳಿಯೋ ಅಲ್ಲವೋ, ಹಾಳೆ ಮೇಲಿರೋ ಎಲೆ ನೋಡಿ ನಾನು ಹೇಳಲಾರೆ. ಯಾರೂ ಹೇಳಲಾರರು."

"ಅಷ್ಟು ದೊಡ್ಡ ಕಟ್ಟಡ ಇಟ್ಕೊಂಡು ಏನು ಮಾಡ್ತೀರಿ?"

"ಸಿಹಿ ಇತ್ತು ಅಂತ ನೀನು ಬರ್ಕೊಟ್ರೆ ಚೀಟಿ ಮೇಲೆ ನಾನೂ ಬರೀತೀನಿ."

ನಾವು ಪಾಠ ಮಾಡುವಾಗ ಅಜಿಸಾಯ್, ಅಂದರೆ ಹೈಡ್ರೇಂಜಿಯಾ, ಸ್ಯಾಕ್ಸಿಫ್ರೇಜ್ ಕುಟುಂಬದಲ್ಲಿತ್ತು. ಆಮೇಲೆ ಅದನ್ನು ಅಲ್ಲಿಂದ ಎಬ್ಬಿಸಿ ಬೇರೆ ಸಂಸಾರ ಹೂಡಿಸಿದರು. ಅಲಂಕಾರದ ಹೂವೇ ಇಲ್ಲದ ಬಿಳಿ ಉತ್ಸುಗಿ ಪೊದೆ, ಬಂಡೆಗೆ ಹಬ್ಬುವ ಬಳ್ಳಿ, ಮೇಣದಂಥ ಹಳದಿ ಹೂ ಬಿಡುವ ಕಾಡುಗಿಡ, ಎಲ್ಲವೂ ಈಗ ಒಂದೇ ಮನೆಯವರಂತೆ. ನೆಂಟಸ್ತನ ಈಗ ಡಾಗ್‌ವುಡ್ ಮರಗಳ ಕಡೆ. ಮುರೋಗಾ ಹೇಳುವ ಪ್ರಕಾರ ಈಗಲೂ ಜಗಳ ಮುಗಿದಿಲ್ಲ. ಒಂದು ಗುಂಪು ಹಬ್ಬುವ ಬಳ್ಳಿಯನ್ನೂ ಹೈಡ್ರೇಂಜಿಯಾ ಎಂದೇ ಕರೆಯಬೇಕು ಎನ್ನುತ್ತದೆ, ಇನ್ನೊಂದು ಗುಂಪು ಹೈಡ್ರೇಂಜಿಯಾವನ್ನೇ ಹಲವು ಪಾಲು ಮಾಡಬೇಕು ಎನ್ನುತ್ತದೆ. ಈ ಗಲಾಟೆಯ ನಡುವೆ ನನ್ನ ಬೇಲಿ ಒಂದು ಎಲೆಯನ್ನೂ ಉದುರಿಸಿಲ್ಲ. ನಾನೂ ಉದುರಿಸುವುದಿಲ್ಲ.

ಜೂನ್ ೨೦

ಮಳೆಯಲ್ಲಿ ಆ ಯೊಕೊಹಾಮಾದವನು ಬಂದ. ಬಾಗಿಲ ಹತ್ತಿರ ನೆಲಕ್ಕೆ ಹಣೆ ಮುಟ್ಟುವಷ್ಟು ಬಗ್ಗಿದ.

"ಗುಡಿಯಿಂದಾಗಿ ನಿಮಗೆ ತೊಂದರೆ ಆಯ್ತು, ಟೀಚರ್. ಕ್ಷಮಿಸಬೇಕು."

"ನನಗೇನು ತೊಂದರೆ? ಊಟ ಮಾಡ್ತಿದೀನಿ, ನಿದ್ದೆ ಮಾಡ್ತಿದೀನಿ. ನೀವು ಹೋಗಿ, ನೆಲ ಒದ್ದೆ ಆಗ್ತಿದೆ."

ಹೋದ. ಹೋಗುವಾಗ ರಸ್ತೆಗೆ ಬಾಗಿದ್ದ ಕೊಂಬೆಗಳನ್ನು ನೋಡಿ, ಜೇಬಿನಿಂದ ಏನೋ ದಾರ ತೆಗೆದು ಕಟ್ಟಿದ. ತಪ್ಪು ಗಂಟು. ಅವನು ಮರೆಯಾದ ಮೇಲೆ ಬಿಚ್ಚಿ ಸರಿಯಾಗಿ ಕಟ್ಟಿದೆ.

ಜುಲೈ ೨

ಬೇಲಿ ಹೂ ಬಿಟ್ಟಿದೆ. ರಸ್ತೆಯ ಆಚೆ ಬದಿಯಲ್ಲೇ ನಡೆಯುವವರೂ ಕತ್ತು ತಿರುಗಿಸಿ ನೋಡುತ್ತಾರೆ. ನೋಡುವುದಕ್ಕೇನೂ ಭಯವಿಲ್ಲವಂತೆ.

ಗಂಟು ಬಿಗಿಯಾಗಿದೆಯೋ ನೋಡಲು ಬಂದೆ ಎಂದು ಅವನು ಮತ್ತೆ ಬಂದ. ಗಂಟು ಯಾರದು ಎಂದು ಅವನಿಗೂ ಗೊತ್ತಾಗಿತ್ತು.

"ಅಂಚಿನಲ್ಲಿರೋ ಈ ನೀಲಿ ಹೂಗಳು ಎಷ್ಟು ಕಮ್ಮಿ. ಕಾಮಕುರಾದ ಗುಡಿಗಳಲ್ಲಿ ಚೆಂಡಿನ ಹಾಗೆ ತುಂಬಿರ್ತಾವೆ," ಎಂದ.

ಇಷ್ಟು ಹೇಳಿಸಿಕೊಂಡು ಸುಮ್ಮನಿರುವ ಜೀವ ನನ್ನದಲ್ಲ. ನಿಲ್ಲಿಸಿ ಪಾಠ ಮಾಡಿದೆ. ಅಂಚಿನಲ್ಲಿ ಕಾಣುವುದು ದಳವೇ ಅಲ್ಲ, ಹಿಗ್ಗಿದ ಪುಷ್ಪಪತ್ರ. ಅದಕ್ಕೆ ಬೀಜವಿಲ್ಲ, ಕೆಲಸ ಬರೀ ಕರೆಯುವುದು. ನಿಜವಾದ ಹೂಗಳು ನಡುವೆ ಸಾಸಿವೆಯಂತೆ ಗುಂಪಾಗಿರುವ ಇವು. ಚೆಂಡಿನಂಥ ಅಜಿಸಾಯ್‌ನಲ್ಲಿ ಕರೆಯುವವರೇ ತುಂಬಿಕೊಂಡು ಊಟಕ್ಕೆ ಹಾಕುವವರೇ ಇಲ್ಲದ ಹಾಗೆ. ಇಲ್ಲಿ ನೋಡಿ, ದುಂಬಿಯ ಕೆಲಸ ಮುಗಿದ ಗೊಂಚಲಿನಲ್ಲಿ ಅಂಚಿನ ಹೂ ಮುಖ ಕೆಳಗೆ ಮಾಡಿಕೊಂಡಿದೆ, ಇನ್ನು ಬರಬೇಡಿ ಎಂದು.

ಅವನು ಮೊಣಕಾಲೂರಿ ಒಂದೊಂದೇ ಗೊಂಚಲು ಎತ್ತಿ ಯಾವುದರ ಕೆಲಸ ಮುಗಿದಿದೆ, ಯಾವುದರದು ಮುಗಿದಿಲ್ಲ ಎಂದು ಹೇಳತೊಡಗಿದ. ಒಂದನ್ನೂ ತಪ್ಪು ಹೇಳಲಿಲ್ಲ. ಕಿವಿಯಲ್ಲಿ ಹಾಡು ಇರಲಿಲ್ಲ. ನಾನೇ ಕೇಳಿದೆ, ಏನು ಕೇಳುತ್ತಿರುತ್ತೀರಿ ಎಂದು. ಅಪ್ಪ ಸೂತ್ರ ಪಠಿಸಿದ್ದನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದಾನಂತೆ, ರಾಗ ತಪ್ಪಬಾರದೆಂದು.

ಜುಲೈ ೫

ಇದನ್ನು ಬರೆದಿಡುತ್ತೇನೆ.

ಒಣಕಡ್ಡಿ ಸವರಲು ಶೂಜುನ್ ಬಂದಿದ್ದ. ಕೆಲಸ ಮಾಡುತ್ತಲೇ ಹೇಳಿದ: "ಹೋದ ವರ್ಷ ಅಪ್ಪ ಮಾಡಿದ ಅಮಾಚಾ ತೀರಾ ನೀರು ಅಂತ ಎಲ್ಲರೂ ಆಡ್ಕೊಂಡ್ರಂತೆ. ಈ ಸಲ ಹಾಗಾಗಬಾರದು ಅಂತ ನೀವು ಕೊಟ್ಟಿದ್ದನ್ನ ಒಂದು ಚೂರೂ ಉಳಿಸದೆ ಹಾಕಿ, ಹಿಂದಿನ ದಿನದಿಂದಾನೇ ಚೆನ್ನಾಗಿ ಕುದಿಸಿದ್ದೆ. ಅಷ್ಟು ಶ್ರದ್ಧೆಯಿಂದ ಮಾಡಿದ್ದೇ ಹೀಗಾಯ್ತಲ್ಲ."

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು.

ಆ ಚೀಲ ಇಡೀ ಊರಿಗೆ, ಇಡೀ ವರ್ಷಕ್ಕೆ. ಹಬ್ಬದ ಪಾತ್ರೆಗೆ ಅದರಲ್ಲಿ ಒಂದು ಹಿಡಿ, ಉಳಿದದ್ದು ಬಂದವರಿಗೆಲ್ಲ ಪೊಟ್ಟಣ ಕಟ್ಟಿ ಕೊಡುವುದಕ್ಕೆ. ಅವನ ತಾಯಿ, ನಮ್ಮ ಗುಡಿಯಮ್ಮ, ಬದುಕಿದ್ದಾಗ ಹಾಗೇ ಮಾಡುತ್ತಿದ್ದಳು. ಅಮಾಚಾ ಅತಿ ಗಟ್ಟಿಯಾದರೆ ಮಕ್ಕಳ ಹೊಟ್ಟೆ ತಡೆಯುವುದಿಲ್ಲ ಎಂದು ಇವನಿಗೆ ಯಾರು ಹೇಳಬೇಕಿತ್ತು? ಯಾರೂ ಹೇಳಿಲ್ಲ. ಚೀಲ ಮೆಟ್ಟಿಲ ಮೇಲಿತ್ತು.

ನಾನು ಏನೂ ಹೇಳಲಿಲ್ಲ. ಒಳಗೆ ಕರೆದು ಬದನೆಕಾಯಿ ತುಂಬಿದ ಒಯಾಕಿ ಕಡುಬು ಕೊಟ್ಟೆ. ಮೂರು ತಿಂದ. ನಾಳೆ ಬೆಳಿಗ್ಗೆಯೇ ಹೊಶಿನಾ ಮನೆಗೆ ಹೋಗುತ್ತೇನೆ. ಬೇಲಿ ಉಳಿಯಿತು.

ಜುಲೈ ೬

ಮಳೆ. ನಾಳೆ ಹೋಗುತ್ತೇನೆ.

ಜುಲೈ ೮

ಮೊಣಕಾಲು ನೋವು. ಹೊಶಿನಾ ಮನೆಗೆ ಏರು ದಾರಿ ಬೇರೆ.

ಜುಲೈ ೧೫

ಸಹಕಾರಿ ಅಂಗಡಿಯಲ್ಲಿ ಕಪಾಟಿನ ಆಚೆ ಇಬ್ಬರು ಮಾತಾಡುತ್ತಿದ್ದರು. ನಾನಿರುವುದು ಅವರಿಗೆ ಗೊತ್ತಿರಲಿಲ್ಲ.

"ಅವನ ಕೈಲಿ ಗುಡಿ ನಡೆಯಲ್ಲ. ಕೆಳಗಿನ ಕಣಿವೆ ಗುರುಗಳೇ ಎರಡೂ ನೋಡ್ಕೊಳ್ಳಲಿ."

"ಒಂದು ನೆಪ ಬೇಕಲ್ಲ."

"ಸಿಗತ್ತೆ ಬಿಡು."

ಉಪ್ಪು ತರಲು ಹೋದವಳು ಉಪ್ಪು ಬಿಟ್ಟು ಬಂದೆ. ಗುಡಿಯ ವಿಷಯ ಕಟ್ಟಿಕೊಂಡು ನನಗೇನಾಗಬೇಕು. ನನಗೆ ಬೇಕಾದದ್ದು ನನ್ನ ಬೇಲಿ. ಅದು ಸಿಹಿ ಎಂದು ತೋರಿಸಿದರೆ ಮುಗಿಯಿತು, ಯಾರು ಎಷ್ಟು ಹಾಕಿದರು ಎಂಬ ಪುರಾಣ ಅದಕ್ಕೆ ಬೇಕಾಗಿಲ್ಲ. ಹೊಶಿನಾ ಮನೆಗೆ ಹೋಗುವುದನ್ನು ಬಿಟ್ಟಿದ್ದೇನೆ, ಮೊಣಕಾಲಿನ ಕಾರಣಕ್ಕೆ.

ಜುಲೈ ೩೧

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಎಲೆ ಕಿತ್ತೆವು. ಬೇಲಿಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಗಿಡದಿಂದಲೂ. ನಾಳೆ ಯಾರೂ ಒಂದು ಗಿಡ ತೋರಿಸಿ ಇದು ಬೇರೆ ಎನ್ನಬಾರದು. ಅಂಗಳದಲ್ಲಿ ಹರಡಿ ಶೂಜುನ್‌ನನ್ನು ಕಾವಲು ಕೂರಿಸಿದೆ. ಮೋಡ ಬಂದಾಗಲೆಲ್ಲ ಅವನು ನನಗಿಂತ ಮೊದಲು ಏಳುತ್ತಿದ್ದ.

ಆಗಸ್ಟ್ ೩

ನೀರು ಚಿಮುಕಿಸಿ ಚಾಪೆ ಹೊದಿಸಿಟ್ಟ ರಾಶಿಗೆ ಕೈ ಹಾಕಿದರೆ ಒಳಗೆ ಬಿಸಿ. ಅಂಗೈ ನಡುವೆ ಉಜ್ಜಿದೆವು. ಬೆರಳೆಲ್ಲ ಕಪ್ಪಾಯಿತು. ಉಜ್ಜುತ್ತಿದ್ದ ಶೂಜುನ್ ಮೂಗಿನ ಮೇಲೆ ಕೂತ ನೊಣವನ್ನು ಓಡಿಸಲು ಹೋಗಿ ತುಟಿಗೆ ಬೆರಳು ತಾಗಿಸಿಕೊಂಡ.

"ಟೀಚರ್," ಎಂದ. ಇನ್ನೊಂದು ಸಲ ಬೆರಳು ನೆಕ್ಕಿದ.

ಸಿಹಿ. ನಾಲಿಗೆಯ ಹಿಂದೆ ಹೋಗಿ ಕೂತು ಏಳದ ಸಿಹಿ. ಇಷ್ಟು ದಿನ ನನಗೆ ಒಂದು ಕ್ಷಣವೂ ಅನುಮಾನವಿರಲಿಲ್ಲ. ಆದರೂ ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ.

ಆಗಸ್ಟ್ ೯

ಇವತ್ತು ಹುಲ್ಲು ಕೊಯ್ಯುವ ದಿನ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಶೂಜುನ್‌ಗೆ ತಡವಾಗಿ ಬನ್ನಿ ಎಂದು ಹೇಳಿದ್ದೆ. ಅವನು ಬರುವ ಮೊದಲೇ ಕುದಿಸಿ ಮುಗಿಸಬೇಕೆಂದಿದ್ದೆ. ಆದರೆ ಕೆಟಲ್ ಭಾರ, ಹೊತ್ತು ಕೊಡುತ್ತೇನೆ ಎಂದು ನೀರು ಕುದಿಯುವ ಮೊದಲೇ ಬಂದುಬಿಟ್ಟ. ನಾನು ದೊಡ್ಡ ಕೆಟಲ್‌ಗೆ ಒಂದು ಚಿಟಿಕೆ ಎಲೆ ಹಾಕಿದ್ದನ್ನು ನೋಡಿದ.

"ಅಷ್ಟೇನಾ?"

"ಅಷ್ಟೇ."

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ದಡ್ಡನಲ್ಲ, ಅದೇ ತೊಂದರೆ.

"ಬಾಯಿ ಮುಚ್ಕೊಂಡು ಕೆಟಲ್ ಹಿಡೀರಿ," ಎಂದೆ.

ಹೊರಗೆ ಎಲ್ಲ ಮನೆಯವರೂ ಬಂದಿದ್ದರು. ಹೊಶಿನಾ ನೆಲ ಅಗೆಯುವ ಪುಟ್ಟ ಯಂತ್ರವನ್ನು ಬೇಲಿಯ ಎದುರಿಗೇ ತಂದು ನಿಲ್ಲಿಸಿ ಅದರ ಮೇಲೆ ಕೂತಿದ್ದ. ಬೋಗುಣಿಗೆ ಬಗ್ಗಿಸಿ ಅವನ ಮುಂದೆ ಹಿಡಿದೆ.

"ನನ್ನ ಮೊಮ್ಮಗಳಿಗೆ ಹಾಗಾಗಿದ್ದು ಕುಡಿದೇ, ಟೀಚರ್."

"ಹಾಗಾದ್ರೆ ನೋಡ್ತಾ ಇರು."

ಕುಡಿದೆ. ಇನ್ನೊಂದು ಬಗ್ಗಿಸಿ ಕುಡಿದೆ, ಮತ್ತೊಂದನ್ನೂ. ನಾನು ಕುರ್ಚಿ ತರಿಸಿಕೊಂಡು ಕೂತು, ವಾಂತಿ ಬಂದರೆ ಹೇಳುತ್ತೇನೆ, ಅಲ್ಲಿಯವರೆಗೆ ನೀವು ಆಚೆ ಬದಿಯ ಹುಲ್ಲು ಕೊಯ್ಯಿರಿ ಎಂದೆ. ಯಾರೂ ಅಲ್ಲಾಡಲಿಲ್ಲ. ಕೊನೆಗೆ ಫುಸಾಎ ಬಂದಳು. ಸುತ್ತೋಲೆಯ ದಿನದಿಂದ ನನ್ನ ಮುಖ ನೋಡದವಳು. ನನ್ನ ಕೈಯಿಂದ ಬೋಗುಣಿ ಕಿತ್ತುಕೊಂಡು ಗಟಗಟನೆ ಕುಡಿದಳು.

"ಸಿಹಿ ಇದೆ," ಎಂದಳು ಹೊಶಿನಾ ಕಡೆ ತಿರುಗಿ. "ನಮ್ಮ ಹಳೇ ಗುಡಿಯಮ್ಮ ಮಾಡ್ತಿದ್ದಳಲ್ಲ, ಹಾಗೇ."

ಹೊಶಿನಾ ಯಂತ್ರದಿಂದ ಇಳಿದು ತಾನೂ ಒಂದು ಗುಟುಕು ಕುಡಿದ. ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡ.

"ಅಮಾಚಾನೇ. ಒಪ್ತೀನಿ. ಹಾಗಾದ್ರೆ ಮಕ್ಕಳಿಗೆ ಯಾಕೆ ಹಾಗಾಯ್ತು?"

"ನೀರು ಕಮ್ಮಿ ಆಗಿತ್ತು."

"ಕುದಿಸಿದ್ದು ಯಾರು?"

"ನಾನೇನು ಗುಡಿ ಅಡುಗೆಮನೆ ಕಾಯ್ತಾ ಕೂತಿದ್ನಾ?"

ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ಹುಲ್ಲಿನ ಕಡೆ ತಿರುಗುವುದರಲ್ಲಿದ್ದರು. ಆಗ ಆ ಪುಣ್ಯಾತ್ಮ ಕೆಟಲ್ ಕೆಳಗಿಟ್ಟು ರಸ್ತೆಯ ಮೇಲೆ ಮಂಡಿಯೂರಿ ಹೇಳಿದ: "ನಾನು. ಚೀಲದಲ್ಲಿದ್ದದ್ದನ್ನೆಲ್ಲ ಹಾಕಿದೆ. ಎಷ್ಟು ಹಾಕ್ಬೇಕು ಅಂತ ನನಗೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಹೊಡೆಯಬೇಕೆನ್ನುವಷ್ಟು ಸಿಟ್ಟು ಬಂತು ನನಗೆ. ಒಂದು ತಿಂಗಳು ನಾಲಿಗೆ ಕಚ್ಚಿಕೊಂಡಿದ್ದನ್ನು ಒಂದು ನಿಮಿಷದಲ್ಲಿ ಹಾಳು ಮಾಡಿದ.

ಹಿಂದಿನಿಂದ ಯಾರೋ ಹೇಳಿದರು, ಅಂಗಡಿಯ ಕಪಾಟಿನ ಆಚೆ ಕೇಳಿದ್ದ ಅದೇ ದನಿ: "ಇನ್ನೇನು ಬೇಕು. ಗುಡೀನ ಕೆಳಗಿನ ಕಣಿವೆಯವರಿಗೆ ಒಪ್ಪಿಸೋದೇ ಸರಿ." ಉಳಿದವರು ಎಂದಿನಂತೆ ನೆಲ ನೋಡಿದರು. ಯಾರೂ ಮಾತಾಡದಿದ್ದರೆ ಎಲ್ಲರೂ ಒಪ್ಪಿದಂತೆ.

ನಾನು ಎದ್ದು ನಿಂತೆ.

"ಚೀಲ ಮೆಟ್ಟಿಲ ಮೇಲೆ ಬಿಸಾಕಿ ಬಂದವಳು ನಾನು. ಒಂದು ಮಾತು ಹೇಳಿದ್ರೆ ಆಗ್ತಿತ್ತು, ಹೇಳಲಿಲ್ಲ. ಅವನನ್ನ ಕಳಿಸೋದಾದ್ರೆ ಮೊದಲು ಈ ಬೇಲಿ ಕೀಳಿ. ಹೊಶಿನಾ, ನಿನ್ನ ಯಂತ್ರ ಇಲ್ಲೇ ಇದೆಯಲ್ಲ, ಹತ್ತು. ಇಲ್ಲಿಂದ ಎಲೆ ಹೋಗೋದಾದ್ರೆ ನಮ್ಮ ಗುರುವಿನ ಕೈಗೇ ಹೋಗ್ಬೇಕು, ಇನ್ನೊಬ್ಬನ ಕೈಗಲ್ಲ."

ಹೊಶಿನಾ ನನ್ನನ್ನು ನೋಡಿದ, ರಸ್ತೆಯಲ್ಲಿ ಕೂತವನನ್ನು ನೋಡಿದ. ಅವನ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿಯಲಿಲ್ಲ. ಬೇಲಿ ಹೋಯಿತು ಎಂದೇ ಅಂದುಕೊಂಡೆ, ಹೋದರೆ ಹೋಗಲಿ ಎಂದೂ ಅಂದುಕೊಂಡೆ.

"ಏಳಿ ಗುರುಗಳೇ, ಬಟ್ಟೆ ಕೊಳೆ ಆಗತ್ತೆ," ಎಂದ ಅವನು. "ಚಿಸಾ ಕೇಳ್ತಾ ಇರ್ತಾಳೆ, ಬುದ್ಧನಿಗೆ ಮತ್ತೆ ಯಾವಾಗ ಸ್ನಾನ ಅಂತ. ಮುಂದಿನ ವರ್ಷ ಟೀಚರ್ ಪಕ್ಕದಲ್ಲಿ ನಿಂತು ಕುದಿಸಿ."

ಹಿಂದಿನ ದನಿ ಏನೋ ಹೇಳಲು ಹೋಯಿತು. ಹೊಶಿನಾ ಅಷ್ಟರಲ್ಲಿ ಹುಲ್ಲು ಕೊಯ್ಯುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಶುರು ಮಾಡಿದ್ದ, ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಬೇಲಿಯ ಬುಡದಲ್ಲಿ ಬಗ್ಗಿ, ಒಂದು ಕಾಂಡಕ್ಕೂ ತಾಗದಂತೆ, ಸುತ್ತಲಿನ ಹುಲ್ಲನ್ನು ಮಾತ್ರ ಕೊಯ್ಯುತ್ತ ಹೋದ.

ಅಂಚು ನೆಟ್ಟಗೆ ಬಂದಿರಲಿಲ್ಲ. ಕರೆದು ತೋರಿಸಿದೆ. ತಿರುಗಿ ಬಂದು ಮತ್ತೆ ಕೊಯ್ದ.